ಟೋಬಿಯಾಸನ ಅಂಗಡಿ ಮೊದಲು ಇದ್ದ ಜಾಗ

ಲಿಬೇರಿಯಾ ಎಂದರೆ ಆ ಹೆಸರಿನ ದೇಶವಲ್ಲ, ನಮ್ಮ ಪಟ್ಟಣ. ಅಲ್ಲಿನ ನಮ್ಮ ಹಳೆಯ ಕಚೇರಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಆದರೂ ಟ್ಯಾಕ್ಸಿಯವರಿಗೆ ನಾನು ಹೇಳುವುದು ಒಂದೇ: "ಪರೀಕ್ಷೆ ಕಚೇರಿ ಮೊದಲು ಇತ್ತಲ್ಲ, ಅಲ್ಲಿಂದ ನೂರು ಮೀಟರ್ ಉತ್ತರಕ್ಕೆ." ಅವರು ನಗುತ್ತಾರೆ. ನಗಲಿ. ಆ 'ಮೊದಲು ಇತ್ತಲ್ಲ' ಬಿಟ್ಟು ನಾನೊಮ್ಮೆ ಒಬ್ಬಳ ಜೀವಕ್ಕೇ ಕುತ್ತು ತರುವುದರಲ್ಲಿದ್ದೆ.

ಮೂವತ್ತು ವರ್ಷದ ಹಿಂದಿನ ಮಾತು. ಗರ್ಭಕಂಠದ ಕ್ಯಾನ್ಸರನ್ನು ಬರುವ ಮೊದಲೇ ತಡೆಯುವುದು ಹೇಗೆಂದು ತಿಳಿಯಲು ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದೆವು. ಕಾಗದದಲ್ಲಿದ್ದುದನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಹತ್ತು ಗಂಟೆಗೆ ಬಟ್ಟೆಯ ಚೀಲದಲ್ಲಿ ಸೋಸಿದ ಕಾಫಿ, ಜೊತೆಗೆ ಮೆಕ್ಕೆಜೋಳ ಮತ್ತು ಚೀಸಿನ ಬಳೆಯಂಥ ರೋಸ್ಕಿಯಾ. ಆ ಕಾಫಿಯ ರುಚಿ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಅಂಕಿಅಂಶ ನೋಡುತ್ತಿದ್ದವರು ದೋನ್ ಎವೇಲಿಯೊ; ನಮ್ಮಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ದೋನ್ ಎನ್ನುತ್ತೇವೆ, ಹೆಂಗಸರನ್ನು ದೋನ್ಯಾ. ಅವರದೊಂದು ಕಟ್ಟಳೆ: ತಪ್ಪಾದರೆ ಅಳಿಸುವಂತಿಲ್ಲ, ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೆಸರು, ತಾರೀಖು ಬರೆಯಬೇಕು. ಮುದುಕರಿಗೆ ಬೇರೆ ಕೆಲಸವಿಲ್ಲ ಎಂದು ನಾನು ಗೊಣಗುತ್ತಿದ್ದೆ.

ಒಂದು ಬೆಳಗ್ಗೆ ನರ್ಸ್ ಸೊರಾಯ್ದಾ ಬಂದು ಕುರ್ಚಿಯಲ್ಲಿ ಧೊಪ್ಪನೆ ಕೂತಳು.

"3117 ಸಿಗ್ತಿಲ್ಲ ಕಣ್ರೀ. ಮೂರು ಸಲ ಹೋದೆ. ಟೋಬಿಯಾಸನ ಅಂಗಡಿಯಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ ಹೋದ್ರೆ ಬರೀ ಹಸು ಮೇಯ್ತಾ ಇದಾವೆ. ಹಸುಗೇ ಪರೀಕ್ಷೆ ಮಾಡ್ಲಾ?"

3117ನೇ ನಂಬರಿನ ಹೆಂಗಸಿನ ವರದಿ ಚೆನ್ನಾಗಿರಲಿಲ್ಲ. ಈಗಲೇ ಚಿಕಿತ್ಸೆ ಕೊಟ್ಟರೆ ಆಕೆ ಉಳಿಯುತ್ತಾಳೆ. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು. ಹೆಸರು ಹಿಡಿದು ಬೀದಿಯಲ್ಲಿ ವಿಚಾರಿಸುವಂತೆಯೂ ಇಲ್ಲ. ಯಾರ ವಿಷಯವೂ ಊರಿಗೆ ತಿಳಿಯಬಾರದೆಂದು ಎಲ್ಲರಿಗೂ ಮಾತು ಕೊಟ್ಟಿದ್ದೆವು.

"'ಕೈತಪ್ಪಿದವರು' ಅಂತ ಹಾಕ್ಬಿಡ್ಲಾ?" ಎಂದು ದೋನ್ ಎವೇಲಿಯೊ ಅವರನ್ನು ಕೇಳಿದೆ. "ನೂರಕ್ಕೆ ಐದು ಜನ ತಪ್ಪಿದ್ರೂ ಲೆಕ್ಕ ನಿಲ್ಲತ್ತೆ ಅಂತ ನೀವೇ ಹೇಳಿದ್ರಲ್ಲ."

ದೋನ್ ಎವೇಲಿಯೊ ಕನ್ನಡಕ ತೆಗೆದರು. "ಲೆಕ್ಕ ನಿಲ್ಲತ್ತೆ ಮಗಳೇ, ಆ ಹೆಂಗಸು ಉಳೀತಾಳಾ? ಇನ್ನೊಂದು ಕೇಳಿ. ಕಾಯಿಲೆ ಇರೋರೇ ತಪ್ಪಿಹೋಗ್ತಾ ಬಂದ್ರೆ ಉಳಿದ ಲೆಕ್ಕ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಪೂರ್ತಿ ಸುಳ್ಳು. ಕಾಗದ ತೆಗೀರಿ."

ಮೂಲ ಕಾಗದ ತೆಗೆದು ಓದಿದೆ. 'ಟೋಬಿಯಾಸನ ಅಂಗಡಿ ಮೊದಲು ಇದ್ದ ಜಾಗದಿಂದ' ಎಂದಿತ್ತು. ಅಂಗಡಿ ಮೈದಾನದ ಕಡೆಗೆ ಹೋಗಿ ಆರು ವರ್ಷವಾಗಿದ್ದರೂ ನಮ್ಮ ಜನ ಹಳೆಯ ಮೂಲೆಯಿಂದಲೇ ಅಳೆಯುತ್ತಿದ್ದರು. ನನ್ನಮ್ಮನೂ ಎಂದೋ ಉರುಳಿದ ಮರದಿಂದಲೇ ದಾರಿ ಹೇಳುವವಳು. ಗೊತ್ತಿದ್ದೂ ನಾನು, ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಾಣಲೆಂದು, ಆ ಮಾತುಗಳನ್ನು ಕತ್ತರಿಸಿ ಹಾಕಿದ್ದೆ.

"ನಂದೇ ತಪ್ಪು. ಬೈದುಬಿಡಿ," ಎಂದೆ.

"ಬೈದ್ರೆ ಮನೆ ಸಿಗತ್ತಾ? ಸೊರಾಯ್ದಾ ಜೊತೆ ಹೋಗಿ, ನೀವೇ ಅಳೆದು ಬನ್ನಿ."

ಹಳೆಯ ಮೂಲೆಯಿಂದ ಹೆಜ್ಜೆ ಎಣಿಸುತ್ತಾ ನಡೆದೆ. ನೀಲಿ ಬಾಗಿಲು ತೆರೆಯಿತು. ನಮ್ಮ 3117, ದೋನ್ಯಾ ಔರಿಸ್ತೇಲಾ, ಕೈತುಂಬ ಮೆಕ್ಕೆಜೋಳದ ಹಿಟ್ಟು.

"ಪರೀಕ್ಷೆಯವರಾ? ಬನ್ನಿ ಬನ್ನಿ! ನಾಲ್ಕು ತಿಂಗಳಾದ್ರೂ ಯಾರೂ ಬರ್ಲಿಲ್ವಲ್ಲ, ಹಾಗಾದ್ರೆ ನಾನು ಚೆನ್ನಾಗೇ ಇದೀನಿ ಅಂತ ಖುಷಿಯಾಗಿದ್ದೆ."

ಸೊರಾಯ್ದಾ ಅವರ ಕೈ ಹಿಡಿದು ಒಳಗೆ ಕರೆದೊಯ್ದಳು. ನಾನು ಹೊಸ್ತಿಲಲ್ಲೇ ನಿಂತು ಅತ್ತೆ.

ಚಿಕಿತ್ಸೆ ಫಲಿಸಿತು. ದೋನ್ ಎವೇಲಿಯೊ ಅಚ್ಚಾದ ಪಟ್ಟಿಯ ತಪ್ಪು ವಿಳಾಸದ ಮೇಲೆ ನನ್ನಿಂದಲೇ ಗೆರೆ ಎಳೆಸಿ, ಹೆಸರು, ತಾರೀಖು ಬರೆಸಿದರು. ಅಂದಿನಿಂದ ನಾನು ಗೊಣಗಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಲೆಕ್ಕದ ಹಾಳೆ ಕಂಡರೆ ಇಂದಿಗೂ ಅವರ ನೆನಪಾಗುತ್ತದೆ.

ಮೊನ್ನೆ ಬಸ್ ನಿಲ್ದಾಣದಲ್ಲಿ ದೋನ್ಯಾ ಔರಿಸ್ತೇಲಾ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿದೆ, ಪಕ್ಕದಲ್ಲಿ ಮರಿಮಗಳು.

"ಭಾನುವಾರ ಊಟಕ್ಕೆ ಬನ್ನಿ. ಮನೆ ನೆನಪಿದೆಯಾ? ಈಗ ಟೋಬಿಯಾಸನೂ ಇಲ್ಲ, ಅಂಗಡಿಯೂ ಇಲ್ಲ."

"ಟೋಬಿಯಾಸನ ಅಂಗಡಿ ಮೊದಲು ಇದ್ದ ಜಾಗದಿಂದ," ಎಂದೆ, ಒಂದು ಮಾತೂ ಬಿಡದೆ, "ಇನ್ನೂರು ಮೀಟರ್ ದಕ್ಷಿಣಕ್ಕೆ."