ಹುಣಸೆಮರಕ್ಕೆ ಹೊಡೆದ ಮೊಳೆ

ನಾನು ಒಂದು ದೆವ್ವದ ಕಾದಂಬರಿ. ಹಾಗೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯೆಲ್ಲ ನನ್ನನ್ನು ಓದಿದವರದು.

ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ, ಬೇಗ ಹಳದಿಯಾಗುವ ಅಗ್ಗದ ಕಾಗದದ ಮೇಲೆ ನಾನು ಹುಟ್ಟಿದೆ. ಮುಖಪುಟದಲ್ಲಿ ಬಿಳಿ ಸೀರೆಯ ಹೆಂಗಸನ್ನು ಬರೆದು ಕಣ್ಣಿಗೆ ಕೆಂಪು ಮೆತ್ತಿದರು. ಅವಳೇ ಸುನಂದೆ. ಗಂಡ ಅವಳನ್ನು ಬಾವಿಗೆ ತಳ್ಳುತ್ತಾನೆ. ಅವಳು ದೆವ್ವವಾಗಿ ಎದ್ದು ಬರುತ್ತಾಳೆ.

ಮೊದಲು ನನ್ನನ್ನು ಕೊಂಡವರು ದಾವಣಗೆರೆಯ ಕಾಲೇಜು ಮೇಷ್ಟ್ರು ರೇವಣಸಿದ್ಧಪ್ಪನವರು. ದಸರಾ ರಜೆ, ಮಳೆ ಹಿಂದೆ ಸರಿದ ಹೊತ್ತು, ಸಂಜೆಗೆ ಬೇಗ ಕತ್ತಲು. ಶಾಲು ಹೊದ್ದು, ಚಹಾ ಆರಿಹೋದದ್ದೂ ಗೊತ್ತಾಗದಂತೆ ಅವರು ನನ್ನನ್ನು ಓದುತ್ತಿದ್ದರು. ಯಾರಾದರೂ ಬಂದರೆ ನಾನು ದಿಂಬಿನಡಿ ಸೇರುತ್ತಿದ್ದೆ; ಅವರ ತೊಡೆಯ ಮೇಲೆ ದಪ್ಪನೆಯ ವಿಮರ್ಶೆಯ ಪುಸ್ತಕ ಬಂದು ಕೂರುತ್ತಿತ್ತು. "ಇಂಥ ಕಸದಿಂದಲೇ ಓದುಗರ ರುಚಿ ಕೆಟ್ಟಿದೆ" ಎಂದು ಅವರು ಬಂದವರಿಗೆ ಹೇಳುವುದನ್ನು ದಿಂಬಿನಡಿಯಿಂದಲೇ ಕೇಳಿದೆ. ಅವರ ಬೆವರಿದ ಹೆಬ್ಬೆರಳಿನ ಗುರುತು ಇನ್ನೂ ನನ್ನ ಪುಟಗಳಲ್ಲಿದೆ. ಮನೆ ಬದಲಿಸುವಾಗ ಅವರು ಮೊದಲು ರದ್ದಿಗೆ ಹಾಕಿದ್ದು ನನ್ನನ್ನೇ.

ಹರಿಹರದ ರದ್ದಿ ಅಂಗಡಿಯಿಂದ ನನ್ನನ್ನು ಎತ್ತಿಕೊಂಡವಳು ಮೈಮೂನ. ಅವಳು ಬೀಡಿ ಕಟ್ಟುವವಳು. ಅವಳ ಓಣಿಯ ಹೆಂಗಸರು ಮಧ್ಯಾಹ್ನ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಅಲ್ಲಿ ಒಂದು ಪದ್ಧತಿಯಿತ್ತು: ಓದು ಬಂದ ಮೈಮೂನ ಗಟ್ಟಿಯಾಗಿ ಓದಬೇಕು, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಪಕ್ಷಮಾಸ ಬಂದರೆ ದೆವ್ವದ ಕಥೆಯೇ ಆಗಬೇಕು.

"ಈ ತಿಂಗಳು ನಮ್ಮ ಹಿರೇರೆಲ್ಲ ಊಟಕ್ಕೆ ಬರ್ತಾರಲ್ಲೇ, ಅವ್ರೂ ಕೇಳ್ಲಿ ತಗಾ" ಎನ್ನುತ್ತಿದ್ದಳು ಮುದುಕಿ ದುರ್ಗವ್ವ. "ಟೆಂಟ್ ಸಿನಿಮಾದಾಗ ದೆವ್ವ ಬಂದ್ರೆ ಗಂಡಸ್ರು ಕಣ್ ಮುಚ್ಚೋರು. ನಾನು ಸೀಟಿ ಹೊಡೀತಿದ್ದೆ!"

ಎಲ್ಲರೂ ನಕ್ಕರು. ಹಾಲಮ್ಮ ನಗಲಿಲ್ಲ. ಅವಳ ಅಕ್ಕ ಗಂಡನ ಮನೆಯಲ್ಲಿ ಸುಟ್ಟು ಸತ್ತಿದ್ದಳು. ಸ್ಟೌ ಸಿಡಿಯಿತು ಎಂದರು. ಆ ಮನೆಯಲ್ಲಿ ಕಟ್ಟಿಗೆ ಒಲೆ ಬಿಟ್ಟರೆ ಸ್ಟೌ ಇರಲೇ ಇಲ್ಲ. ವರ್ಷ ತುಂಬುವ ಮೊದಲೇ ಭಾವ ಬೇರೆ ಮದುವೆಯಾದ. ಓಣಿಗೆಲ್ಲ ಇದು ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಹಾಲಮ್ಮ ಸುಮ್ಮನೆ ಕೇಳುತ್ತಿದ್ದಳು, ಮೈಮೂನಳ ಮೊರಕ್ಕೆ ಎಲ್ಲರಿಗಿಂತ ಹೆಚ್ಚು ಬೀಡಿ ಹಾಕುತ್ತಿದ್ದಳು.

ಕೊನೆಯ ಅಧ್ಯಾಯ ಬಂತು. ಮಂತ್ರವಾದಿ ಬಂದ. ಸುನಂದೆಯ ಕೂದಲು ಹಿಡಿದು ಹುಣಸೆಮರಕ್ಕೆ ಮೊಳೆ ಹೊಡೆದ. ಊರು ನಿಟ್ಟುಸಿರು ಬಿಟ್ಟಿತು.

ಜಗಲಿಯಲ್ಲಿ ಯಾರೂ ನಿಟ್ಟುಸಿರು ಬಿಡಲಿಲ್ಲ.

"ಗಂಡ ಏನಾದ?" ಹಾಲಮ್ಮ ಕೇಳಿದಳು. ಇಷ್ಟು ದಿನದಲ್ಲಿ ಅವಳ ಮೊದಲ ಮಾತು ಅದು.

ಮೈಮೂನ ಮುಂದಿನ ಸಾಲಿನ ಮೇಲೆ ಬೆರಳಿಟ್ಟು ತಡೆದಳು.

"ಓದೇ! ಬಾಯಾಗ ಎಲೆ ತುರುಕ್ಯಂಡೀಯೇನು?" ದುರ್ಗವ್ವ ಗದರಿದಳು.

ಮೈಮೂನ ಇದ್ದದ್ದನ್ನೇ ಓದಿದಳು: "ಅವನು ಎರಡನೆಯ ಹೆಂಡತಿಯೊಡನೆ ಬಹುಕಾಲ ಸುಖವಾಗಿ ಬಾಳಿದನು."

ಹಾಲಮ್ಮ ಕೈಯ ಕತ್ತರಿ ಕೆಳಗಿಟ್ಟಳು. "ಕೊಂದೋನು ಸುಖವಾಗಿರ್ಬೇಕು, ಸತ್ತಾಕಿಗೆ ಮೊಳೆ. ಇದನ್ನ ಬರ್ದೋನ ಕೈ ಸೇದ್ಹೋಗ್ಲಿ!" ಎಂದವಳೇ ನನ್ನನ್ನು ಕಿತ್ತುಕೊಂಡು ಕೊನೆಯ ಅಧ್ಯಾಯವನ್ನು ಪರ್ರನೆ ಹರಿದಳು.

ನನಗೆ ಬೆಂಕಿಯಂಥ ಸಿಟ್ಟು ಬಂತು. ಅಂಗಾಂಗ ಕಿತ್ತ ನೋವು ಅದು. ಅವಳ ಬೆರಳಿಗೆ ಒಂದು ಹಾವಾದರೂ ಕಚ್ಚಬಾರದಿತ್ತೇ ಎನಿಸಿತು. ಆದರೆ ದಿನ ಕಳೆದಂತೆ ಆ ಸಿಟ್ಟು ಅವಳ ಮೇಲಿಂದ ಜಾರಿ ನನ್ನನ್ನು ಬರೆದವನ ಮೇಲೆ ಹೋಗಿ ನಿಂತಿತು. ಅವನು ನೂರಾರು ಪುಟ ಆ ಹೆಣ್ಣನ್ನು ಅಳಿಸಿ, ಅಲೆಸಿ, ಓದುಗರ ಮೈ ಜುಮ್ಮೆನ್ನಿಸಿ, ಕೊನೆಗೆ ಅವಳ ಕೂದಲಿಗೇ ಮೊಳೆ ಹೊಡೆಸಿದ. ಆ ಮೊಳೆಯನ್ನು ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೆ. ಮೇಷ್ಟ್ರು ಆ ಪುಟವನ್ನು ಓದಿ ಆಕಳಿಸಿ, ದೀಪ ಆರಿಸಿ ಮಲಗಿದ್ದರು.

ಈಗ ನಾನು ಮುದಿಯಾಗಿದ್ದೇನೆ. ಬೆನ್ನು ಬಿಟ್ಟಿದೆ, ಹುಳು ಹಿಡಿದಿದೆ. ಮೈಮೂನಳ ಮನೆಯ ಗೂಡಿನಲ್ಲಿ ಬಿದ್ದಿರುತ್ತೇನೆ. ಆದರೂ ಪ್ರತಿ ಪಕ್ಷಮಾಸಕ್ಕೆ ಜಗಲಿಗೆ ಬರುತ್ತೇನೆ. ಹರಿದ ಪುಟಗಳನ್ನು ಯಾರಾದರೂ ಮರಳಿ ಅಂಟಿಸಲು ಬಂದರೆ ನಾನು ಪುಡಿಪುಡಿಯಾಗಿ ಉದುರಿಹೋಗುತ್ತೇನೆ. ನನ್ನ ಸಿಟ್ಟು ಆರಿಲ್ಲ, ಆರುವುದೂ ಬೇಡ. ಮೈಮೂನ ಉಳಿದ ಕೊನೆಯ ಸಾಲನ್ನು ಓದಿ ನನ್ನನ್ನು ಮಡಚುತ್ತಾಳೆ. ಹಾಲಮ್ಮ ಕತ್ತರಿ ಕೈಗೆತ್ತಿಕೊಳ್ಳುತ್ತಾಳೆ.

ಆ ಸಾಲು ಇದು: "ಸುನಂದೆ ಬಾಗಿಲು ತಟ್ಟಿದಳು; ಒಳಗೆ ಗಂಡನೊಬ್ಬನೇ ಇದ್ದ."