ಜಬ್ಬಾರನು ಪರವಾನಗಿ ಪಡೆದದ್ದು

ಈ ಕಥೆಯನ್ನು ಮೊದಲು ಹೇಳಿದವನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಖಲಂದರ್. ೧೯೯೮ರ ಮಾರ್ಚಿನಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಚಹಾ ಅಂಗಡಿಯಲ್ಲಿ. ಬೈರಾಪಟ್ಟಣದವರು ಹೇಳುವಾಗ ಕಥೆಯೊಳಗಿನ ಗೋಣಿಚೀಲಗಳು ಆರಾಗುತ್ತವೆ. ಇಲ್ಲಿ ಖಲಂದರನ ನಾಲ್ಕನ್ನೇ ಉಳಿಸಿದೆ.

ಜಬ್ಬಾರನು ಹದಿನೈದು ವರ್ಷದಿಂದ ಚಾಕಿ ಮನೆಗಳಿಗೆ, ಎಂದರೆ ಎಳೆಯ ರೇಷ್ಮೆಹುಳು ಸಾಕುವ ಕೋಣೆಗಳಿಗೆ, ಚಳಿಗಾಲದಲ್ಲಿ ಹೀಟರು, ಬೇಸಿಗೆಯಲ್ಲಿ ತಂಪಿನ ಯಂತ್ರ ಕೂರಿಸುತ್ತಿದ್ದ. ಆ ವರ್ಷ ಬಿಡದಿಯ ಕಾರ್ಖಾನೆಯೊಂದು ತನ್ನ ಕಚೇರಿಗೆ ಏಸಿ ಹಾಕುವ ಗುತ್ತಿಗೆಯನ್ನು ಅವನಿಗೇ ಕೊಡುವುದಾಗಿ ಹೇಳಿತು. ಆದರೆ ಸೋಮವಾರದೊಳಗೆ ಏಸಿ ಕೂರಿಸುವ ಪರವಾನಗಿ ತೋರಿಸಬೇಕು. ಶುಕ್ರವಾರ ಪರೀಕ್ಷೆ.

ಪರೀಕ್ಷಾಧಿಕಾರಿ ರಾಮಲಿಂಗಯ್ಯನವರು ಒಂದು ಕೋಣೆ, ಒಂದು ಯಂತ್ರ ತೋರಿಸಿ, "ಇಪ್ಪತ್ತಾರು ಡಿಗ್ರಿಗೆ ತಂದು ಒಂದು ಗಂಟೆ ನಿಲ್ಸಪ್ಪ" ಎಂದರು.

ಜಬ್ಬಾರ್ ಯಂತ್ರ ಕೂರಿಸಿದ. ಆಮೇಲೆ ಒಂದು ಬಕೆಟ್ ನೀರು, ನಾಲ್ಕು ಗೋಣಿಚೀಲ ಕೇಳಿದ. ನೆಲ ಒರೆಸಲು ಇರಬೇಕೆಂದುಕೊಂಡು ಜವಾನ ಕೆಂಚಯ್ಯ ತಂದುಕೊಟ್ಟ. ಜಬ್ಬಾರ್ ಅವನ್ನು ನೆನೆಸಿ ಗೋಡೆಗೆ ಇಳಿಬಿಟ್ಟ, ಕಿಟಕಿಯ ಸಂದುಗಳಿಗೆ ಕಾಗದ ಅಂಟಿಸಿದ. ಹದಿನೈದು ವರ್ಷದ ಕೈ, ಕೇಳದೆಯೇ ಮಾಡಿತು.

ಉಷ್ಣಮಾಪಕ ಇಪ್ಪತ್ತಾರು ಬಿಟ್ಟು ಕದಲಲಿಲ್ಲ. ಅರ್ಧ ಗಂಟೆಗೆ ರಾಮಲಿಂಗಯ್ಯನವರ ಅಂಗಿ ಬೆನ್ನಿಗೆ ಅಂಟಿತು, ಮೇಜಿನ ಕಾಗದಗಳು ಮೆತ್ತಗಾದವು.

"ಒಸಿ ಹಿಪ್ನೇರಳೆ ಸೊಪ್ಪು ಹಾಕ್ಬುಡ್ಲಾ ಜಬ್ಬಾರಣ್ಣ? ಇವತ್ತೇ ಗೂಡು ಕಟ್ತಾರೆ ನಮ್ಮ ಸಾಹೇಬ್ರು!" ಎಂದ ಕೆಂಚಯ್ಯ.

"ಇಷ್ಟು ತೇವ ಹುಳಕ್ಕೆ ಬೇಕು, ಮನುಷ್ಯರಿಗಲ್ಲ. ಇದು ಹುಳದ ಮನೆ ಕಣಯ್ಯ," ಎಂದರು ರಾಮಲಿಂಗಯ್ಯನವರು. ಅವರೂ ರೇಷ್ಮೆ ಬೆಳೆಯುವ ಮನೆಯಿಂದಲೇ ಬಂದವರು. "ಕೆಲ್ಸ ಅಚ್ಚುಕಟ್ಟಾಗೈತೆ. 'ಹುಳದ ಮನೆಗೆ ಮಾತ್ರ' ಅಂತ ಬರ್ದು ಕೊಡ್ತೀನಿ, ತಗೊಂಡೋಗು."

ಜಬ್ಬಾರನ ಕಿವಿ ಬಿಸಿಯಾಯಿತು. ಆ ಚೀಟಿ ಹಿಡಿದು ಬಿಡದಿಗೆ ಹೋದರೆ ಗೇಟಿನವನೇ ನಗುತ್ತಾನೆ.

"ಬ್ಯಾಡ ಸಾರ್. ಹುಳದ ಮನೇಲಿ ನನ್ನ ಲೈಸೆನ್ಸು ಯಾರೂ ಕೇಳಿಲ್ಲ. ಇನ್ನೊಂದು ಗಂಟೆ ಕೊಡಿ."

"ಹುಳಕ್ಕೆ ಸರಿಹೋಯ್ತೋ ಇಲ್ವೋ ಅಂತ ಹೆಂಗೆ ತಿಳ್ಕೊತೀಯ?"

"ಸೊಪ್ಪು ತಿನ್ನೋ ಸದ್ದು ಕೇಳುಸ್ತದೆ ಸಾರ್. ಸದ್ದು ನಿಂತ್ರೆ ಏನೋ ತಪ್ಪೈತೆ ಅಂತ."

"ನಾವು ಸೊಪ್ಪು ತಿನ್ನಾಕಿಲ್ಲ. ಬಾಯೈತೆ, ಕೇಳು. ಒಂದೇ ಗಂಟೆ."

ಜಬ್ಬಾರ್ ಚೀಲ ಕಿತ್ತ, ಕಾಗದ ಹರಿದ, ಕಿಟಕಿ ತೆರೆದು ಹಸಿಗಾಳಿ ಹೊರಹಾಕಿ ಮತ್ತೆ ಮುಚ್ಚಿದ. ಐದು ನಿಮಿಷಕ್ಕೊಮ್ಮೆ ಕೇಳತೊಡಗಿದ. "ಸೆಕೆ ಆಯ್ತದಾ ಸಾರ್? ಕಾಲಿಗೆ ಚಳಿ ಹೊಡೀತದಾ? ಕೆಂಚಣ್ಣ, ನಿಂಗೆ?" ಹೇಳಿದಂತೆ ಗಾಳಿಯ ದಿಕ್ಕು ತಿರುಗಿಸಿದ. ಹನ್ನೊಂದನೆಯ ಸಲ ಕೇಳಿದಾಗ ರಾಮಲಿಂಗಯ್ಯನವರು, "ನಮ್ಮ ಮನೇವ್ಳೂ ಇಷ್ಟು ವಿಚಾರಿಸ್ಕಳಾಕಿಲ್ಲ ಕಣಯ್ಯ, ಸುಮ್ಕಿರು!" ಎಂದು ಗದರಿಸಿ, ಪೆನ್ನು ತೆಗೆದು ಸಹಿ ಹಾಕಿದರು. 'ಮಾತ್ರ' ಎಂಬ ಪದವನ್ನು ಎಲ್ಲಿಯೂ ಬರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಜಬ್ಬಾರ್ ಬಿಡದಿಯ ಬಸ್ಸು ಹತ್ತಿದ.

ಖಲಂದರ್ ಇಲ್ಲಿಗೆ ನಿಲ್ಲಿಸಿ ಲೋಟ ಕೆಳಗಿಟ್ಟ. ಬೆಂಚಿನ ಮೇಲಿದ್ದವರು ಪಂಚೆ ಕೊಡವಿಕೊಂಡು ಎದ್ದು ತಮ್ಮ ತಮ್ಮ ಮನೆಗಳಿಗೆ ಹೋದರು.