ಜುಮಕಿ ಗಿಡದ ಕಾವಲು

ಹಾಲ್ಕುರಿಕೆಯ ಆ ಮನೆಗೆ ಅಂಗಳ ಒಂದೇ, ಬಾಗಿಲು ಎರಡು. ಒಂದು ಹಿರಿಸೊಸೆ ಮಂಗಳಾಳದು, ಇನ್ನೊಂದು ಕಿರಿಸೊಸೆ ಮಧುಶ್ರೀಯದು. ಅತ್ತೆ ಪುಟ್ಟಗೌರಮ್ಮನವರು ಎರಡಕ್ಕೂ ಸೇರಿದವರು. ಪೂಜೆ ಮುಗಿಸಿ ಅವರು ಯಾರ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿಯುತ್ತಾರೋ ಮನೆಯ ಹಿರಿತನ ಆ ಬಾಗಿಲಿಗೆ ಎಂದು ಮಂಗಳಾ ಒಳಗೊಳಗೇ ನಂಬಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಕುರ್ಚಿ ಅವಳ ಬಾಗಿಲಲ್ಲೇ ಇತ್ತು. ಅವಳ ಕಣಗಿಲೆ, ನಂದಿಬಟ್ಟಲು ಇಲ್ಲದೆ ಅತ್ತೆಯ ಲಿಂಗಪೂಜೆ ನಡೆಯುತ್ತಿರಲಿಲ್ಲ.

ಹಾಗಿರುವಾಗ ಮಧುಶ್ರೀ ಊಟಿಯಿಂದ ಫ್ಯೂಷಿಯಾ ಎಂಬ ಹೂಗಿಡ ತಂದಳು. ತೆಂಗಿನ ನಾರಿನ ಪುಡಿಗೆ ಗೊಬ್ಬರ ಬೆರೆಸಿ ಕುಂಡ ತುಂಬಿ, ಬಿಸಿಲು ತಾಗದ ಹಾಗೆ ತನ್ನ ಬಾಗಿಲ ಬಳಿಯ ನೀರಿನ ತೊಟ್ಟಿಯ ಪಕ್ಕ ನೆರಳಿಗಿಟ್ಟಳು. ತಲೆಕೆಳಗಾಗಿ ತೂಗುವ ಹೂವು, ಮೇಲೆ ಕೆಂಪು, ಒಳಗೆ ನೇರಳೆ. ನಾಗಕನ್ನೆಯರು ಸ್ನಾನಕ್ಕಿಳಿಯುವ ಮೊದಲು ಕಳಚಿ ನೇತುಹಾಕಿದ ಓಲೆಗಳ ಹಾಗೆ. ಅತ್ತೆ ಅದಕ್ಕೆ ಜುಮಕಿ ಗಿಡವೆಂದು ಹೆಸರಿಟ್ಟರು. ಕುರ್ಚಿಯೂ ಅಲ್ಲಿಗೇ ಹೋಯಿತು.

"ಏನ್ ಕೈಗುಣ ಕಣಮ್ಮ ನಿನ್ನ ಓರಗಿತ್ತೀದು," ಎಂದಳು ಪಕ್ಕದ ಮನೆ ಸಿದ್ದಕ್ಕ.

"ನನ್ ಕಣಗಿಲೆ ಕಾಣ್ಲಿಲ್ವ ನಿಂಗೆ?"

"ಅದು ಬುಡು, ದನವೂ ಮುಟ್ಟಲ್ಲ. ತಾನಾಗೇ ಬೆಳೀತದೆ."

ಮಂಗಳಾ ನಕ್ಕಳು. ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತ್ತು.

ಬೇಸಿಗೆಯಲ್ಲಿ ಮಧುಶ್ರೀ ತಮ್ಮನ ಮದುವೆಗೆಂದು ತವರಿಗೆ ಹೊರಟಳು. "ಅಕ್ಕ, ಸಂಜೆ ಒಂದ್ ಚೊಂಬು ನೀರು ಹಾಕಿ. ನಿಮ್ಮನ್ನ ಬಿಟ್ರೆ ಯಾರನ್ನೂ ನಂಬಲ್ಲ ನಾನು."

ಮಂಗಳಾ ನೀರು ಹಾಕಿದಳು, ಸುಳ್ಳಲ್ಲ. ಆದರೆ ಸೆಕೆಗೆ ಹೂ ನಿಂತು ಎಲೆ ಹಳದಿಯಾದರೂ ಕುರ್ಚಿ ಕದಲಲಿಲ್ಲ. ಒಂದು ದಿನ ನೋಡುತ್ತಾಳೆ, ಅತ್ತೆ ಸೆರಗಿನಿಂದ ಗಿಡಕ್ಕೆ ಗಾಳಿ ಹಾಕುತ್ತಿದ್ದಾರೆ. ತನಗೆ ಜ್ವರ ಬಂದಾಗ ಹೀಗೆ ಯಾರು ಬೀಸಿದ್ದರು? ಅತ್ತೆ ಮಠಕ್ಕೆ ಹೋದದ್ದೇ ತಡ, ಮಂಗಳಾ ಕುಡುಗೋಲು ತಂದು ಗಿಡವನ್ನು ಬುಡದ ಹತ್ತಿರಕ್ಕೇ ಕೊಯ್ದು, ಕೊಂಬೆಗಳನ್ನು ತಿಪ್ಪೆಗೆಸೆದಳು.

"ಒಣಗೋಗಿತ್ತು ಅತ್ತೆ, ಕೊಯ್ದಾಕ್ದೆ," ಎಂದಳು. ಅನುಮಾನ ಬಾರದಿರಲೆಂದು ಬರೀ ಮೋಟಿಗೂ ದಿನಾ ನೀರು ಹಾಕಿದಳು.

ಮಧುಶ್ರೀ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಮೋಟಿನ ತುಂಬ ಕೆಂಪು ಕುಡಿ. ಅವಳು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಂಗಳಾ ಉತ್ತರ ಸಿದ್ಧಮಾಡಿಕೊಂಡು ಹಿಂದೆ ನಿಂತಳು.

"ಅಕ್ಕ, ನಿಮ್ಗ್ಯಾರು ಹೇಳ್ಕೊಟ್ರು? ವರ್ಷಕ್ಕೊಂದ್ಸಲ ಬುಡಕ್ಕೇ ಕತ್ತರಿಸ್ಬೇಕು ಅಂತ ನರ್ಸರಿಯವನು ಹೇಳಿದ್ದ. ನಂಗೆ ಮನಸ್ಸು ಬರ್ಲಿಲ್ಲ."

"ಯಾರೂ ಹೇಳ್ಲಿಲ್ಲ," ಎಂದಳು ಮಂಗಳಾ.

ಶ್ರಾವಣಕ್ಕೆ ಗಿಡ ಹಿಂದಿನದರ ಎರಡರಷ್ಟು ಹೂ ಬಿಟ್ಟಿತು. "ಇದು ಮಂಗಳನ ಕೈಲಿ ಬದುಕಿದ್ದು. ಅವಳ ಬಾಗ್ಲಲ್ಲೇ ಇರ್ಲಿ ಕಣೇ ಮಧು," ಎಂದರು ಅತ್ತೆ.

"ಇರ್ಲಿ ಬಿಡಿ ಅತ್ತೆ," ಎಂದು ಮಧುಶ್ರೀ ನಕ್ಕಳು. ಆ ನಗು ಮಂಗಳಾಳಿಗೆ ಹೊಸದಲ್ಲ. ಸಿದ್ದಕ್ಕನ ಮುಂದೆ ತಾನು ನಕ್ಕದ್ದೂ ಅದೇ ನಗು. ಕುಂಡದ ಜೊತೆ ಕುರ್ಚಿಯೂ ಮಂಗಳಾಳ ಬಾಗಿಲಿಗೆ ಬಂತು.

ಗೌರಿಹಬ್ಬಕ್ಕೆ ತವರೂರು ಸಂಪಿಗೆಯಿಂದ ಮಂಗಳಾಳ ತಮ್ಮ ಗಂಗಾಧರ ಕರೆಯಲು ಬಂದ. ಮಧುಶ್ರೀ ತನ್ನ ಬಾಗಿಲಿಂದಲೇ ಮೃದುವಾಗಿ ಹೇಳಿದಳು: "ಹೋಗ್ಬನ್ನಿ ಅಕ್ಕ. ಗಿಡ ನಾನು ನೋಡ್ಕೋತೀನಿ."

ಮಂಗಳಾ ಕುಂಡದತ್ತ ನೋಡಿದಳು, ಓರಗಿತ್ತಿಯ ಕೈಗಳತ್ತ ನೋಡಿದಳು.

"ಈ ವರ್ಷ ಆಗಲ್ಲ ಕಣಪ್ಪ," ಎಂದು ತಮ್ಮನಿಗೆ ಊಟಕ್ಕೆ ಎಲೆ ಹಾಕಿದಳು.